ಡೆಲ್ಬರ್ಟನ ಮತ

ಆ ಗೊತ್ತುವಳಿಯ ಹೆಸರೆತ್ತಿದರೇ ಶಾಸಕಿ ಮಾರ್ವಾ ಟೋಫ್ಟ್‌ಗೆ ಸೊಂಟ ನೋಯುತ್ತಿತ್ತು. ಅಮೆರಿಕದ ಮೊಂಟಾನಾ ರಾಜ್ಯದ ರಾಜಧಾನಿ ಹೆಲೆನಾದಲ್ಲಿ ಶಾಸನಸಭೆ ಸೇರಿದಾಗಲೆಲ್ಲ ಅದು ಬರುತ್ತಿತ್ತು, ಸೋಲುತ್ತಿತ್ತು, ನಾಚಿಕೆಯಿಲ್ಲದೆ ಮತ್ತೆ ಬರುತ್ತಿತ್ತು: ದೇಶದ ಸಂವಿಧಾನಕ್ಕೆ ತಿದ್ದುಪಡಿ ಸೂಚಿಸಲು ರಾಜ್ಯಗಳ ಸಮಾವೇಶ ಕರೆಯಬೇಕು. ಮೂರನೇ ಎರಡರಷ್ಟು ರಾಜ್ಯಗಳು ಕೇಳಿದರೆ ವಾಷಿಂಗ್ಟನ್ ಕರೆಯಲೇಬೇಕು. ಒಮ್ಮೆ ಬಾಗಿಲು ತೆರೆದರೆ ಯಾರು ಯಾವುದಕ್ಕೆ ಕೈ ಹಾಕುತ್ತಾರೋ ಎಂಬ ಭಯ ಮಾರ್ವಾಳದು. ಸಾಲ ಮಾಡಿ ಕುಣಿಯುವ ಸರ್ಕಾರಕ್ಕೆ ಮೂಗುದಾರ ಹಾಕಲು ಬೇರೆ ದಾರಿಯಿಲ್ಲ ಎಂಬ ಹಟ ಎದುರು ಪಕ್ಷದ ಡೆಲ್ಬರ್ಟ್ ಹಾಗೆನ್‌ನದು. ಇಬ್ಬರೂ ಸಮಿತಿಯಲ್ಲಿ ಕಚ್ಚಾಡಿ, ಮಧ್ಯಾಹ್ನ ಒಂದೇ ಮೇಜಿನಲ್ಲಿ ಸೂಪು ಕುಡಿಯುವವರು.

ಈ ಸಲ ಡೆಲ್ಬರ್ಟ್ ಆಸ್ಪತ್ರೆಯಲ್ಲಿದ್ದ. ಬರಲಾಗದ ಸದಸ್ಯ ತನ್ನ ಮತವನ್ನು ಇನ್ನೊಬ್ಬರ ಕೈಗೆ ಕೊಡುವುದು ಅಲ್ಲಿನ ರೂಢಿ. ತನ್ನ ಪಕ್ಷದವರನ್ನೆಲ್ಲ ಬಿಟ್ಟು ಅವನು ಅದನ್ನು ಮಾರ್ವಾಳಿಗೆ ಕೊಟ್ಟಿದ್ದ. ಬೆಳಿಗ್ಗೆ ಫೋನಿನಲ್ಲಿ ಅವನ ದನಿ ಬಿದ್ದುಹೋಗಿತ್ತು.

“ನಿಂಗೆ ಹೇಗೆ ಬೇಕೋ ಹಾಗೆ ಹಾಕು ಮಾರಾಯ್ತಿ. ನಂಗೆ ಸಾಕಾಗಿದೆ.”

“ಇಷ್ಟು ವರ್ಷ ನನ್ನ ತಲೆ ತಿಂದು ಈಗ ಸಾಕಾಯ್ತಾ?”

“ತಿನ್ನೋಕೆ ಅದ್ರಲ್ಲಿ ಇನ್ನೇನು ಉಳಿದಿದೆ,” ಎಂದು ಕೆಮ್ಮಿ ಫೋನಿಟ್ಟ.

ಸಮಿತಿಯಲ್ಲಿ ಅದೇ ಸಾಕ್ಷಿಗಳು, ಅದೇ ಮಾತು, ಅದೇ ಆರಿದ ಕಾಫಿ. ಕೊನೆಗೆ ಹೆಸರು ಕೂಗಿ ಮತ ಕೇಳಿದರು. ಮಾರ್ವಾ ತನ್ನ ಪಾಲಿನ ‘ಇಲ್ಲ’ ಹೇಳಿದಳು. ಎರಡೂ ಕಡೆ ನಾಲ್ಕು ನಾಲ್ಕು.

“ಡೆಲ್ಬರ್ಟ್ ಹಾಗೆನ್ ಅವರ ಮತ ಏನು ಮೇಡಂ?” ಎಂದರು ಅಧ್ಯಕ್ಷರು.

ಇನ್ನೊಂದು ‘ಇಲ್ಲ’ ಅಂದರೆ ಮುಗಿಯಿತು. ಸುಳ್ಳೂ ಅಲ್ಲ, ಅವನೇ ಹೇಳಿದ್ದ. ಮನೆಗೆ ಹೋಗಿ ಬೂಟು ಬಿಚ್ಚಿ ಬಿದ್ದುಕೊಳ್ಳಬಹುದು. ಆದರೆ ಹಾಗೆ ಹೇಳಿದ್ದು ಅವನ ಕಾಯಿಲೆ, ಅವನಲ್ಲ. ಅದು ಗೊತ್ತಿದ್ದುದಕ್ಕೆ ಅವಳಿಗೆ ಅವನ ಮೇಲೆ ಸಿಟ್ಟೇ ಬಂತು.

“ಹೌದು,” ಎಂದಳು.

“ನಿಮ್ಮ ಕೈಯಾರೆ ಗೆಲ್ಲಿಸಿಬಿಟ್ರಲ್ರೀ,” ಎಂದು ಪಕ್ಕದವನು ಗೊಣಗಿದ. ಮಾರ್ವಾ ಹೊರಗಿನ ಬೆಂಚಿನ ಮೇಲೆ ಕುಳಿತು ಡೆಲ್ಬರ್ಟನಿಗೆ ಫೋನು ಮಾಡಿದಳು.

“ನೀನು ಗೆದ್ದೆ ಕಣೋ.”

“ನಿಂಗೆ ಬೇಕಾದ ಹಾಗೆ ಹಾಕು ಅಂದಿದ್ನಲ್ಲ.”

“ಹಾಗೇ ಹಾಕಿದ್ದು. ಮುಂದಿನ ಬುಧವಾರ ಸದನದಲ್ಲಿ ಚರ್ಚೆಗೆ ಬರುತ್ತೆ. ಅಲ್ಲಿ ನಿನ್ನ ಸೋಲಿಸ್ತೀನಿ. ಖಾಲಿ ಕುರ್ಚಿ ಜೊತೆ ಜಗಳ ಆಡೋಕೆ ನನ್ನಿಂದಾಗಲ್ಲ ಡೆಲ್ಬರ್ಟ್. ಎದ್ದು ಬಾ.”

ಅವನು ಮತ್ತೆ ಕೆಮ್ಮಿದ. ಅವಳು ಕಾದಳು.

“ಎಷ್ಟು ಗಂಟೆಗೆ?” ಎಂದು ಕೇಳಿದ.