ಕಾರಿನ ಮೇಲೆ ಹಾಸಿಗೆ ಕಟ್ಟುವ ಮುನ್ನ

ನನ್ನ ಗಂಡನ ಜೀವ ತೆಗೆದದ್ದು ಒಂದು ಹಾಸಿಗೆ. ಕಾರಿನ ಮೇಲಿಂದ ಹಾರಿ ಬಂದ ಹಾಸಿಗೆ. ಹೀಗೆಂದರೆ ಕೆಲವರಿಗೆ ತುಟಿಯಂಚಿನಲ್ಲಿ ನಗು ಬರುತ್ತದೆ, ಆಮೇಲೆ ನನ್ನ ಮುಖ ನೋಡಿ ಸುಮ್ಮನಾಗುತ್ತಾರೆ. ನಗುವವರು ನಗಲಿ, ನಾನೇನೂ ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಕೇಳಿಯೇ ಎದ್ದು ಹೋಗಿ. ನಿಮ್ಮ ಮನೆಯ ಮೂಲೆಯಲ್ಲೂ ಒಂದು ಹಗ್ಗ ಇದ್ದೇ ಇರುತ್ತದೆ.

ನಮ್ಮದು ಹಾಸಿಗೆ ಹೊಲಿಯುವ ಮನೆ. ಕೆಳಗೆ ಕೆಲಸದ ಕೋಣೆ, ಮೇಲೆ ನಾವು. ಎಷ್ಟು ಗುಡಿಸಿದರೂ ಮೆಟ್ಟಿಲ ಮೇಲೆ, ತಲೆಗೂದಲಲ್ಲಿ, ನೀರಿನ ಕೊಡದಲ್ಲಿ ಹತ್ತಿಯ ಎಳೆ. ಹಾಸಿಗೆ ತುಂಬಿ ಅದಕ್ಕೆ ಅಲ್ಲಲ್ಲಿ ದಾರ ಹಾಕಿ ಬಿಗಿಯುವುದು ನನ್ನ ಭಾವನ ಕೆಲಸ. ಭಾವ ಅಂದರೆ ಗಂಡನ ಅಣ್ಣ. ಗೇಣುದ್ದದ ಸೂಜಿಗೆ ಮೇಣ ಹಚ್ಚಿದ ನೂಲು ಪೋಣಿಸಿ, ಹಾಸಿಗೆಯ ಆಚೆಯಿಂದ ಈಚೆಗೆ ಚುಚ್ಚಿ, ಮಂಡಿಯೂರಿ ಎಳೆದು, ಒಂದರ ಮೇಲೊಂದು ಎರಡು ಗಂಟು ಹಾಕುತ್ತಾರೆ. ಇಪ್ಪತ್ತು ವರ್ಷ ಮಲಗಿದ ಹಾಸಿಗೆಗಳು ಮತ್ತೆ ಹತ್ತಿ ಬಿಡಿಸಲು ನಮ್ಮಲ್ಲಿಗೆ ಬರುತ್ತವೆ. ಬಟ್ಟೆ ಹರಿದಿರುತ್ತದೆ, ಭಾವನ ಗಂಟು ಮಾತ್ರ ಹಾಗೇ ಇರುತ್ತದೆ. ಆ ವಿಷಯದಲ್ಲಿ ಅವರಿಗೆ ಜಂಬ ಇತ್ತು, ಇರಲೂಬೇಕಿತ್ತು.

ತಯಾರಾದ ಹಾಸಿಗೆಗಳನ್ನು ನಮ್ಮ ಹಳೆಯ ಕಾರಿನ ಕ್ಯಾರಿಯರ್ ಮೇಲೆ ಹೇರಿ ಗಿರಾಕಿಗಳಿಗೆ ಮುಟ್ಟಿಸುತ್ತಿದ್ದೆವು. ಕಟ್ಟುತ್ತಿದ್ದದ್ದು ನೀಲಿ ನೈಲಾನ್ ಹಗ್ಗ. ಹಾಕುತ್ತಿದ್ದದ್ದು ಅದೇ ಎರಡು ಗಂಟು. ನೂಲಿನಲ್ಲಿ ಇಪ್ಪತ್ತು ವರ್ಷ ನಿಂತದ್ದು ಹಗ್ಗದಲ್ಲಿ ಅರ್ಧ ಗಂಟೆ ನಿಲ್ಲುತ್ತದೆಯೇ ಎಂದು ಯಾರೂ ಕೇಳಲಿಲ್ಲ, ಕೇಳುವ ಅಗತ್ಯವೇ ಯಾರಿಗೂ ಕಾಣಲಿಲ್ಲ. ಕಟ್ಟಿದ ಮೇಲೆ ಭಾವ ಹಾಸಿಗೆಗೆ ಎರಡು ಸಲ ತಟ್ಟಿ, "ಇದಿನ್ನು ಎಲ್ಲೂ ಹೋಗಲ್ಲ" ಅನ್ನುತ್ತಿದ್ದರು.

ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಭಾವ ಕಾರು ಓಡಿಸಿದರೆ ನನ್ನ ಗಂಡ ಸ್ಕೂಟರಿನಲ್ಲಿ ಹಿಂದೆಯೇ ಹೋಗಬೇಕು. ಹಾಸಿಗೆ ಸರಿದರೆ ಹಾರ್ನ್ ಹೊಡೆಯಬೇಕು. "ನಿಮ್ಮಣ್ಣನ ಗಂಟು ಅಷ್ಟು ಗಟ್ಟಿ ಇದ್ರೆ ನೀವ್ಯಾಕೆ ಕಾವಲು?" ಎಂದು ನಾನೊಮ್ಮೆ ರೇಗಿಸಿದ್ದೆ. "ನಾನು ಹೋಗದಿದ್ರೆ ಹಾಸಿಗೆಗೆ ಬೇಜಾರಾಗುತ್ತೆ ಕಣೇ" ಅಂದರು. ಮಾತಿಗೊಂದು ತಮಾಷೆ, ಅವರ ಸ್ವಭಾವವೇ ಹಾಗೆ. ಆ ತಮಾಷೆಯಲ್ಲೇ ನಾನೂ ಆ ಪ್ರಶ್ನೆ ಮರೆತೆ. 

ಅವತ್ತು ಎರಡು ದೊಡ್ಡ ಹಾಸಿಗೆ, ಹತ್ತಿಯವು, ಭಾರದವು. ನದಿಯ ಸೇತುವೆ ಮೇಲೆ ಕಾರು ವೇಗ ಹಿಡಿಯಿತು. ಎದುರು ಗಾಳಿ ಮೇಲಿನ ಹಾಸಿಗೆಯ ಮುಂದಿನ ಅಂಚಿನ ಕೆಳಗೆ ನುಗ್ಗಿತು. ಹಾರ್ನ್ ಒಂದೇ ಒಂದು ಸಲ ಕೇಳಿಸಿತಂತೆ. ಭಾವ ಕನ್ನಡಿ ನೋಡುವಷ್ಟರಲ್ಲಿ ಹಾಸಿಗೆ ಸ್ಕೂಟರಿನ ಮೇಲಿತ್ತು, ನನ್ನ ಗಂಡ ರಸ್ತೆಯ ಮೇಲಿದ್ದರು. ಹಿಂದೆ ಬರುತ್ತಿದ್ದ ಲಾರಿಗೆ ನಿಲ್ಲಲು ಜಾಗವೇ ಇರಲಿಲ್ಲ. ಹೆಲ್ಮೆಟ್ ಹಾಕಿಕೊಂಡೇ ಇದ್ದರು. ಅದರಿಂದ ಏನೂ ಆಗಲಿಲ್ಲ.

"ಆ ಸೇತುವೆ ಗಾಳಿ ಕಣಮ್ಮಾ" ಎಂದು ಭಾವ ನನ್ನ ಮುಂದೆ ಕೂತು ಅತ್ತರು. "ಹಗ್ಗಾನೇ ಕಿತ್ಕೊಂಡು ಹೋಯ್ತು. ಯಾರೇನ್ ಮಾಡೋಕಾಗುತ್ತೆ?"

ಬಂದು ಹೋದವರೆಲ್ಲ ಹೌದು ಹೌದು ಅಂದರು. ಗಾಳಿಯನ್ನು ಬೈಯುವುದು ಸುಲಭ, ಅದು ತಿರುಗಿ ಮಾತಾಡುವುದಿಲ್ಲ. ನಾನೂ ಬೈದೆ.

ಒಂದು ತಿಂಗಳ ಮೇಲೆ ವಿದ್ಯಾರ್ಥಿಗಳ ಹಾಸ್ಟೆಲ್ಲಿಗೆ ಹಾಸಿಗೆ ಕೊಡುವ ದಿನ ಬಂತು. ಒಪ್ಪಿಕೊಂಡ ಕೆಲಸ, ಬಿಡುವಂತಿಲ್ಲ. ಬೆಳಿಗ್ಗೆ ಭಾವ ಕಾರಿನ ಮೇಲೆ ಹಾಸಿಗೆ ಹೇರುತ್ತಿದ್ದರು. ನನ್ನ ಮಗಳು, ಇಪ್ಪತ್ತು ವರ್ಷದವಳು, ಅಪ್ಪನ ಹಳೆಯ ಜಾಕೆಟ್ಟಿನ ತೋಳು ಮಡಿಸಿಕೊಂಡು ಕೆಳಗಿಳಿದಳು.

"ದೊಡ್ಡಪ್ಪ, ಇವತ್ತು ಅಪ್ಪನ ಸ್ಕೂಟರ್ ರಿಪೇರಿ ಆಗಿ ಬರುತ್ತಲ್ಲ. ಹಿಂದೆ ನಾನು ಬರ್ತೀನಿ."

"ಬಾ ಮಗಳೇ. ಸ್ವಲ್ಪ ಹತ್ರಾನೇ ಇರು. ದೂರ ಇದ್ರೆ ಹಾಸಿಗೆ ಸರಿಯೋದು ಕಾಣಲ್ಲ."

 ಕೈಯಲ್ಲಿದ್ದ ಪೊರಕೆ ಬಿಸಾಡಿ ಬಾಗಿಲಿಗೆ ಅಡ್ಡ ನಿಂತೆ.

"ಅವಳು ಹೋಗಲ್ಲ."

"ಯಾಕಮ್ಮಾ? ನಾನಿಲ್ವಾ?"

"ಅವತ್ತೂ ನೀವಿದ್ರಿ ಭಾವ."

ಅವರ ಮುಖ ಬಿಳಿಚಿಕೊಂಡಿತು. ನಾನು ಆಡಬಾರದಿತ್ತೇನೋ, ಆಡಿಯಾಗಿತ್ತು. ಮಗಳು ನನ್ನ ಮೇಲೆಯೇ ಸಿಡಿದಳು. "ಅಮ್ಮ, ದೊಡ್ಡಪ್ಪ ಏನ್ ಬೇಕಂತ ಮಾಡಿದ್ರಾ? ಯಾರಾದ್ರೂ ಹಿಂದೆ ಇರ್ಲೇಬೇಕಲ್ಲ. ಇಲ್ಲಾಂದ್ರೆ ನೀನ್ ಬರ್ತೀಯಾ?"

ಅಷ್ಟರಲ್ಲಿ ಮನೆ ಮುಂದೆ ಎಳೆಯುವ ಗಾಡಿ ನಿಂತಿತು. ಕೆಟ್ಟು ನಿಂತ ವಾಹನಗಳನ್ನು ಎಳೆದು ತರುವವನದು. ಗಾಡಿಯ ಹಿಂದೆ ದೊಡ್ಡ ಕೊಕ್ಕೆ ಇರುವುದಕ್ಕೆ ಎಲ್ಲರೂ ಅವನನ್ನು ಕೊಕ್ಕೆ ಎಂದೇ ಕರೆಯುತ್ತಾರೆ. ಅವತ್ತು ಸೇತುವೆಯ ಮೇಲಿಂದ ನಮ್ಮ ಸ್ಕೂಟರನ್ನು ಎತ್ತಿದವನೂ ಅವನೇ. ಗ್ಯಾರೇಜಿನಿಂದ ಅದನ್ನು ತಂದು ಇಳಿಸಿದ. ಆಮೇಲೆ ಸೀಟಿನ ಹಿಂದಿನಿಂದ ಒಂದು ಸುರುಳಿ ನೀಲಿ ಹಗ್ಗ ತೆಗೆದ.

"ಅಕ್ಕ, ಇದು ಅವತ್ತು ರಸ್ತೆ ಮೇಲೆ ಸಿಕ್ಕಿದ್ದು. ಕೊಡ್ಲೋ ಬೇಡ್ವೋ ಅಂತ ತಿಂಗಳಿಂದ ಇಟ್ಕೊಂಡಿದ್ದೆ."

ನಾನು ಹಗ್ಗವನ್ನು ಈ ತುದಿಯಿಂದ ಆ ತುದಿಯವರೆಗೆ ಬೆರಳಲ್ಲಿ ಸವರಿದೆ. ಎರಡು ತುದಿಯೂ ಅಂಗಡಿಯವನು ಸುಟ್ಟು ಕೊಟ್ಟಿದ್ದ ಹಾಗೇ ಇತ್ತು. ಎಲ್ಲೂ ಒಂದು ಎಳೆಯೂ ಕಿತ್ತುಹೋಗಿರಲಿಲ್ಲ.

"ಇದು ಹರಿದಿಲ್ಲ" ಎಂದೆ.

"ಹರಿದಿಲ್ಲ ಅಕ್ಕ. ಗಂಟು ಬಿಚ್ಕೊಂಡಿದೆ."

ಭಾವ ಕ್ಯಾರಿಯರ್ ಬಿಟ್ಟು ಬಂದರು. ಕೋಪ ಮೂಗಿನ ತುದಿಗೆ ಬಂದಿತ್ತು. "ನನ್ ಗಂಟು ಬಿಚ್ಚಲ್ಲ. ನೀನು ಗಾಡಿ ಎಳೆಯೋನು, ಎಳ್ಕೊಂಡು ಹೋಗು. ಗಂಟು ಹಾಕೋದು ನನಗೆ ಹೇಳ್ಕೊಡ್ಬೇಡ. ಮೂವತ್ತು ವರ್ಷದಿಂದ ಹಾಕ್ತಿದೀನಿ."

"ಗೊತ್ತಣ್ಣ, ನಾನೂ ನಿಮ್ ಹಾಸಿಗೆ ಮೇಲೇ ಮಲಗೋದು. ಒಂದ್ ಸಲ ಇಲ್ಲಿ ಹಾಕಿ ತೋರ್ಸಿ, ಸಾಕು. ನನ್ ಮಾತು ಸುಳ್ಳಾದ್ರೆ ಕಿವಿ ಹಿಂಡಿ ಕಳ್ಸಿ."

ಭಾವ ಹಗ್ಗ ಕಸಿದುಕೊಂಡು ಕ್ಯಾರಿಯರಿನ ಕಂಬಿಗೆ ಸುತ್ತಿ, ಒಂದರ ಮೇಲೊಂದು ಎರಡು ಗಂಟು ಹಾಕಿ, ಹಲ್ಲು ಕಚ್ಚಿ ಬಿಗಿದರು. ಕೊಕ್ಕೆ ಹಗ್ಗ ಹಿಡಿದು ಜೋರಾಗಿ ಎಳೆದ. ಗಂಟು ಜಪ್ಪಯ್ಯ ಅನ್ನಲಿಲ್ಲ.

"ನೋಡಿದ್ಯಾ?" ಅಂದರು ಭಾವ.

"ಇದು ಬರೀ ಎಳೆಯೋದು. ರಸ್ತೆ ಮೇಲೆ ಹೀಗೆ ಇರಲ್ವಲ್ಲ." ಕೊಕ್ಕೆ ಹಗ್ಗ ಸಡಿಲ ಬಿಟ್ಟ, ಜಗ್ಗಿದ, ಮತ್ತೆ ಬಿಟ್ಟ, ಮತ್ತೆ ಜಗ್ಗಿದ. "ಹಾಸಿಗೆ ಒಳಗೆ ನೂಲು ಯಾವಾಗ್ಲೂ ಬಿಗೀನೇ ಇರುತ್ತೆ. ಮೇಣ ಬೇರೆ ಅಂಟಿರುತ್ತೆ. ಕಾರಿನ ಮೇಲೆ ಒಂದೊಂದು ಗುಂಡಿಗೂ ಹಗ್ಗ ಸಡಿಲ ಆಗುತ್ತೆ, ಬಿಗಿ ಆಗುತ್ತೆ. ನೈಲಾನ್ ಮೊದಲೇ ನುಣುಪು. ಗಾಳಿ ಸುಮ್ನೆ ಕೂರಲ್ಲ, ಹೀಗೇ ಅಲ್ಲಾಡಿಸ್ತಾ ಇರುತ್ತೆ."

ಮಗಳು ಎಣಿಸುತ್ತಿದ್ದಳು. ಅರವತ್ತು ದಾಟುವಷ್ಟರಲ್ಲಿ ಮೇಲಿನ ಗಂಟು ಬಾಯಿ ತೆರೆಯಿತು. ಎಂಬತ್ತು ಆಗುವಷ್ಟರಲ್ಲಿ ಹಗ್ಗ ಕಂಬಿಯಿಂದ ಜಾರಿ ಭಾವನ ಕಾಲ ಬಳಿ ಬಿತ್ತು.

 ಭಾವ ಕಾರಿಗೆ ಒರಗಿಕೊಂಡು ಹಾಗೇ ನೆಲಕ್ಕೆ ಕುಸಿದರು. ನನ್ನತ್ತ ನೋಡದೆ ಕೇಳಿದರು.

"ಹಾಗಾದ್ರೆ ಅವನನ್ನ ನಾನೇ ಕೊಂದೆನಾ?"

ಇಲ್ಲ ಅನ್ನಬಹುದಿತ್ತು. ಆ ಮನುಷ್ಯನ ಮುಖ ನೋಡಿದರೆ ಯಾರಾದರೂ ಇಲ್ಲ ಅನ್ನುತ್ತಿದ್ದರು. ಆದರೆ ನಾನು ಇಲ್ಲ ಅಂದರೆ ಮತ್ತೆ ಅದೇ ಗಂಟು, ಅದೇ ಸೇತುವೆ, ಹಿಂದೆ ನನ್ನ ಮಗಳು. ನನ್ನ ಬಾಯಿಗೆ ಸುಳ್ಳು ಬರಲಿಲ್ಲ.

"ನೀವು ಬೇಕಂತ ಮಾಡ್ಲಿಲ್ಲ ಭಾವ. ಆದ್ರೆ ಗಂಟು ನಿಮ್ದೇ. ನಿಮ್ಮನ್ನ ಬೈಯ್ಯೋಕೆ ನನಗೆ ಶಕ್ತಿ ಇಲ್ಲ. ಎದ್ದು ಕಲೀರಿ. ಕಲಿಯೋವರೆಗೂ ಈ ಕಾರು ಬಾಗಿಲು ದಾಟೋಕೆ ನಾನು ಬಿಡಲ್ಲ."

ಕಡ್ಡಿ ಮುರಿದಂತೆ ಹೇಳಿ ನಾನೂ ಅವರ ಪಕ್ಕದಲ್ಲೇ ಕೂತೆ. 

ಕೊಕ್ಕೆ ನಿಧಾನವಾಗಿ ಹೇಳಿಕೊಟ್ಟ. "ಮೊದಲು ಹಗ್ಗದ ತುದೀನ ಕಂಬಿಗೆ ಸುತ್ತಿಸಿ ನಿಮ್ ಕಡೆಗೆ ತನ್ನಿ. ಒಂದು ಮೊಳ ಇರ್ಲಿ. ಈಗ ಹಾಸಿಗೆ ಕಡೆ ಹೋಗೋ ಉದ್ದದ ಹಗ್ಗದಲ್ಲಿ ಉಂಗುರದ ಹಾಗೆ ಒಂದು ಸಣ್ಣ ಕಣ್ಣು ಮಾಡಿ. ಕಂಬಿ ಕಡೆ ಹೋಗೋ ಹಗ್ಗ ಮೇಲಿರ್ಬೇಕು. ಆ ಕಣ್ಣಿನ ಕೆಳಗಿಂದ ತುದೀನ ಮೇಲಕ್ಕೆ ತೂರ್ಸಿ. ಉದ್ದದ ಹಗ್ಗದ ಬೆನ್ನ ಹಿಂದೆ ಒಂದು ಸುತ್ತು ಹಾಕ್ಸಿ. ಬಂದ ಕಣ್ಣಿನಲ್ಲೇ ಮತ್ತೆ ಕೆಳಕ್ಕೆ ಇಳ್ಸಿ. ಈಗ ಎಲ್ಲಾ ಕಡೆಯಿಂದ ಎಳೆದು ಬಿಗಿ ಮಾಡಿ. ಉಳಿದ ತುದೀನ ಹಾಗೇ ಬಿಡ್ಬೇಡಿ, ಕಂಬಿ ಸುತ್ತಿದ ಕುಣಿಕೆಯ ಪಕ್ಕದ ಹಗ್ಗಕ್ಕೆ ಇನ್ನೊಂದು ಗಂಟು ಹಾಕ್ಬಿಡಿ. ನುಣುಪು ಹಗ್ಗಕ್ಕೆ ಅದು ಬೇಕೇ ಬೇಕು."

"ನೀನು ಕಾರು ಎಳೆಯೋದೂ ಇದರಲ್ಲೇನಾ?" ಎಂದು ಮಗಳು ಕೇಳಿದಳು.

"ಹಗ್ಗದಲ್ಲಿ ಎಳೆಯೋವಾಗೆಲ್ಲ ಇದೇ. ಆದ್ರೆ ಅದಕ್ಕೆ ದಪ್ಪ ಹಗ್ಗ ಬೇಕು ಪುಟ್ಟಿ, ಇದಲ್ಲ. ಎಷ್ಟು ಎಳೆದ್ರೂ ಕಚ್ಕೊಂಡಿರುತ್ತೆ, ಕೆಲಸ ಮುಗಿದ ಮೇಲೆ ಬೆರಳಲ್ಲೇ ಬಿಚ್ಚುತ್ತೆ. ಹಾಗಂತ ಬಿಗಿಯಾದ ಹಗ್ಗದ ಹತ್ರ ಯಾರೂ ನಿಲ್ಲಬಾರ್ದು, ಕೈಗೆ ಸುತ್ಕೋಬಾರ್ದು."

ಮೂವತ್ತು ವರ್ಷ ಒಂದೇ ಗಂಟು ಹಾಕಿದ ಬೆರಳುಗಳು ಹೊಸದನ್ನು ಸುಲಭಕ್ಕೆ ಕೇಳಲಿಲ್ಲ. ಭಾವ ತಪ್ಪಿದರು, ಬಿಚ್ಚಿದರು, ಮತ್ತೆ ತಪ್ಪಿದರು. ಕಣ್ಣೀರು ಒರೆಸಿಕೊಳ್ಳಲೂ ಹಗ್ಗ ಬಿಡಲಿಲ್ಲ. ಮಗಳಿಗೆ ಮೂರನೆಯ ಸಲಕ್ಕೇ ಬಂತು. "ದೊಡ್ಡಪ್ಪ, ಬೆನ್ನ ಹಿಂದೆ, ಬೆನ್ನ ಹಿಂದೆ" ಎಂದು ಅವರ ಕೈ ಹಿಡಿದು ತಿರುಗಿಸಿದಳು. ಅವರು ಸರಿಯಾಗಿ ಹಾಕಿದ ಗಂಟನ್ನು ಕೊಕ್ಕೆ ಇನ್ನೂರು ಎಣಿಸುವವರೆಗೆ ಅಲ್ಲಾಡಿಸಿದ. ಅದು ನಿಂತಿತು.

ಆಮೇಲೆ ಹಾಸಿಗೆ ಕಟ್ಟುವ ಸರದಿ. ಒಂದು ಕಡೆಯ ಕಂಬಿಗೆ ಆ ಗಂಟು. ಕೊಕ್ಕೆ ಹಗ್ಗವನ್ನು ಹಾಸಿಗೆಯ ಮೇಲಿಂದ ಆಚೆಗೆ ಎಸೆದು, ಕೆಳಗಿಳಿಯುವ ಹಗ್ಗದ ನಡುವೆ ಒಂದು ಕಣ್ಣು ತಿರುವಿದ. ತುದಿಯ ಕಡೆಯ ಹಗ್ಗವನ್ನು ಮಡಿಸಿ ಆ ಕಣ್ಣಿನೊಳಗೆ ತೂರಿಸಿದಾಗ ಒಂದು ಕುಣಿಕೆ ಆಯಿತು. ತುದಿಯನ್ನು ಆಚೆಯ ಕಂಬಿಯ ಕೆಳಗೆ ದಾಟಿಸಿ, ಮೇಲೆ ತಂದು, ಆ ಕುಣಿಕೆಯಲ್ಲಿ ಹಾಯಿಸಿ ಕೆಳಕ್ಕೆ ಎಳೆದ. ಮಗಳು ಎಳೆದು ನೋಡಿದಳು. ಅವಳ ಒಬ್ಬಳ ಕೈಗೇ ಹಾಸಿಗೆ ಅಮುಕಿಕೊಂಡಿತು. ಅಲ್ಲೇ ಚಿವುಟಿ ಹಿಡಿದು, ಕುಣಿಕೆಯ ಕೆಳಗೆ ಎರಡು ಸುತ್ತು ಗಂಟು. ಅಡ್ಡಕ್ಕೆ ಎರಡು ಹಗ್ಗ. ಮುಂದಿನ ಅಂಚನ್ನು ಗಾಳಿ ಎತ್ತದಂತೆ ಉದ್ದಕ್ಕೆ ಒಂದು.

"ಮತ್ತೆ ಹಿಂದೆ ಯಾರು ಬರೋದು?" ಎಂದು ಮಗಳು ಕೇಳಿದಳು.

"ಯಾರೂ ಬರಲ್ಲ" ಅಂದರು ಭಾವ. "ನೀನು ಕಾರಲ್ಲಿ ಕೂತ್ಕೋ. ಹಿಂದೆ ಬಂದು ಕಾಯೋ ಹಾಗಿದ್ರೆ ಆ ಹೊರೆ ರಸ್ತೆಗೆ ಇಳೀಬಾರ್ದು. ಈ ಮಾತು ನನಗೆ ಅವತ್ತು ಹೊಳೀಬೇಕಿತ್ತು."

ನಾನೂ ಅವರ ಜೊತೆ ಹತ್ತಿದೆ. ಹತ್ತು ನಿಮಿಷಕ್ಕೆ ಒಮ್ಮೆ ಕಾರು ನಿಲ್ಲಿಸಿ ಹಗ್ಗ ಮುಟ್ಟಿ ನೋಡಿದೆವು. ಸೇತುವೆಗೆ ಮೊದಲು ಭಾವ ಮತ್ತೆ ಕಾರು ಪಕ್ಕಕ್ಕೆ ಹಾಕಿದರು. ರಸ್ತೆ ಕಿರಿದು, ಹಿಂದಿನವರು ಹಾರ್ನ್ ಹೊಡೆದರು. ಒಬ್ಬ ಕಿಟಕಿಯಿಂದ ತಲೆ ಹೊರಹಾಕಿ ಬೈದ. "ಏನ್ರೀ, ನಿಮ್ಮ ಹಾಸಿಗೆಗೆ ಇಷ್ಟೊಂದು ಉಪಚಾರಾನಾ?" ಭಾವ ಒಂದೊಂದೇ ಗಂಟು ಮುಟ್ಟುತ್ತಾ ಕಾರಿನ ಸುತ್ತ ಬಂದರು. ಆಮೇಲೆ ನಿಧಾನವಾಗಿ ಸೇತುವೆ ದಾಟಿದೆವು. ದಾಟುವವರೆಗೂ ನನ್ನ ಜೀವ ಕೈಯಲ್ಲಿತ್ತು. ಹಾಸಿಗೆಗಳು ಹಾಸ್ಟೆಲ್ ಸೇರಿದವು. ನನ್ನ ಮಗಳು ಮನೆ ಸೇರಿದಳು.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ನಾಳೆ ಮಂಚ ಕಟ್ಟುತ್ತೀರಿ, ಏಣಿ ಕಟ್ಟುತ್ತೀರಿ, ಕೆಟ್ಟ ಕಾರನ್ನು ಹಗ್ಗ ಹಾಕಿ ಎಳೆಯುತ್ತೀರಿ. ಹತ್ತು ಗಂಟು ಹಾಕಿದರೆ ಗಟ್ಟಿ ಎಂದುಕೊಳ್ಳಬೇಡಿ. ಗೊತ್ತಿರುವ ಒಬ್ಬರ ಹತ್ತಿರ ಕೂತು ಕೊಕ್ಕೆ ಕಲಿಸಿದ ಈ ಎರಡು ಗಂಟನ್ನು ಕಲಿಯಿರಿ, ಕಣ್ಣು ಮುಚ್ಚಿ ಹಾಕಲು ಬರುವವರೆಗೆ ಕಲಿಯಿರಿ. ಕಟ್ಟಿದ ಮೇಲೆ ಬರೀ ಎಳೆದು ನೋಡಬೇಡಿ, ಅಲ್ಲಾಡಿಸಿ ನೋಡಿ. ದಾರಿಯಲ್ಲಿ ನಿಲ್ಲಿಸಿ ಮತ್ತೆ ನೋಡಿ. ಬೈಯುವವರು ಬೈಯಲಿ. ನಿಮ್ಮ ಹಿಂದೆ ಬರುವವರಿಗೆ ನೀವು ಹಾಕಿದ ಗಂಟು ಎಂಥದ್ದೆಂದು ಗೊತ್ತಿಲ್ಲ, ನಿಮ್ಮನ್ನು ನಂಬಿಯೇ ಅವರು ಬರುತ್ತಿರುತ್ತಾರೆ. ಅವರು ಯಾರ ಗಂಡನೋ, ಯಾರ ಮಗಳೋ. ಆ ಮನೆಯವರು ಸಂಜೆ ಅವರಿಗಾಗಿ ಕಾಯುತ್ತಾರೆ. ನಾನು ಕಾದ ಹಾಗೆ ಅವರು ಕಾಯುವಂತೆ ಮಾಡಬೇಡಿ.