ಗೋಡೆಯ ಹಿಂದಿನ ಕಮಾಂಡು

ಬರ್ಮಾದಲ್ಲಿ ಜಪಾನಿಯರ ಗುಂಡಿಗೆ ಹೆದರದ ನಾನು ನಮ್ಮ ಹೆಡ್ಮಾಸ್ಟರ ಬುದ್ಧಿವಂತಿಕೆಗೆ ಮಾತ್ರ ಹೆದರುತ್ತಿದ್ದೆ. ಯುದ್ಧ ಮುಗಿಸಿ ಬಸರಾಳಿಗೆ ವಾಪಸು ಬಂದ ಹವಾಲ್ದಾರ್ ಚಿಕ್ಕಬೋರಯ್ಯನನ್ನು, ಅಂದರೆ ನನ್ನನ್ನು, ಮಳವಳ್ಳಿ ಕಡೆಯ ಶಾಲೆಗೆ ಡ್ರಿಲ್ ಮೇಷ್ಟ್ರಾಗಿ ಕರೆಸಿಕೊಂಡವರು ಅವರೇ. ಅದು ನಲವತ್ತೇಳರ ಬೇಸಿಗೆಯ ಮುಂಚಿನ ಮಾತು. ದೇಶದ ಶಾಲೆಗಳಿಗೆಲ್ಲ ಒಂದೇ ಕೆಡೆಟ್ ಪಡೆ ಕಟ್ಟುವ ಬಗ್ಗೆ ದಿಲ್ಲಿಯಲ್ಲಿ ಸಮಿತಿ ಕೂತಿದೆ, ಶಾಲೆಗಳನ್ನು ನೋಡಲು ಬೆಂಗಳೂರಿನಿಂದ ಒಬ್ಬ ಮೇಜರ್ ಬರುತ್ತಾರೆ ಅನ್ನುವ ಸುದ್ದಿ ಸಿಕ್ಕಿದ್ದೇ ತಡ, ಈ ಮಹಾನುಭಾವರಿಗೆ ದೇಶಭಕ್ತಿ ಉಕ್ಕಿತು. ಬಡಗಿ ಮರದ ಕೋವಿ ಮಾಡಿಕೊಟ್ಟ. ಪಟೇಲರು ಖಾಕಿ ಹೊಲಿಸಿಕೊಟ್ಟರು.

ಶಾಲೆಯ ಪಡೆಗೆ ಲೀಡರ್ ಆದ ಹುಡುಗನನ್ನು ಮೇಜರು ಬೆಂಗಳೂರಿನ ಸೈನ್ಯದ ಶಾಲೆಗೆ ಸೇರಿಸುತ್ತಾರೆ, ಊಟ ಓದು ಎಲ್ಲ ಅಲ್ಲೇ ಎಂದು ಗೊತ್ತಾಯಿತು. ಪೂರಿಗಾಲಿಯ ಹುಡುಗ ಮರಿಸಿದ್ದಯ್ಯ ಆ ಮಾತನ್ನು ಕಚ್ಚಿ ಹಿಡಿದ. ಅವನ ತಾಯಿ ಮಾಯಮ್ಮ ಕೂಲಿಯಾಕೆ. ನನ್ನ ಹತ್ತಿರ ಬಂದು, "ಈ ಸಲ ಅವುನ್ ಓಗ್ನಿಲ್ಲ ಅಂದ್ರೆ ಇಸ್ಕೂಲ್ ಸಾಕು ಸಾಮಿ, ನನ್ ಜೊತೆ ಕಬ್ಬು ಕಡಿಯಾಕೆ ಬತ್ತಾನೆ," ಅಂದಳು.

ಹುಡುಗರಲ್ಲೆಲ್ಲ ಉದ್ದ ಅವನೇ, ಡ್ರಿಲ್ಲಿನಲ್ಲಿ ಮೊದಲು ಅವನೇ. ಗಂಟಲು ಅಂದರೆ ಅಂಥ ಗಂಟಲು! ಅವನೇ ಲೀಡರ್ ಅಂದೆ. ಹೆಡ್ಮಾಸ್ಟರು ಬೆವರಿದರು. ಲೀಡರ್ ಆದವನು ಸಾಲಿನಲ್ಲಿ ಓಡಾಡಿ ಪ್ರತಿಯೊಬ್ಬರ ಟೋಪಿ, ಕಾಲರು, ಭುಜ ಮುಟ್ಟಿ ಸರಿಮಾಡಬೇಕು.

"ಏನ್ರೀ ಹವಾಲ್ದಾರ್ರೇ, ಹೊಲಗೇರಿ ಹುಡುಗ ಎಲ್ಲರ ಮಕ್ಕಳ ಮೈ ಮುಟ್ಟೋದು ಅಂದ್ರೇನ್ರೀ?"

"ಗಾಯ ಆದಾಗ ನನ್ನನ್ನು ಹೆಗಲ ಮೇಲೆ ಹೊತ್ತವನ ಜಾತಿ ನಾನು ಕೇಳಲಿಲ್ಲ, ಸಾರ್."

"ಅದು ಬರ್ಮಾ ಕಣ್ರೀ. ಇದು ಶಾಲೆ."

ಆ ಮುಖಕ್ಕೆ ಉಗಿಯಬೇಕು ಅನಿಸಿತು.

ಪಟೇಲರ ಮಗ ಲೀಡರ್ ಆದ. ಪಾಪ, ಅವನ ಬಾಯಲ್ಲಿ ಕಮಾಂಡು ಬಂದರೆ ಇಲಿ ಕೀಚ್ ಅಂದ ಹಾಗಿತ್ತು, ಅದೂ ಎಡಕ್ಕೆ ಬಲ ಅನ್ನುತ್ತಿದ್ದ. ಆಗ ಹೆಡ್ಮಾಸ್ಟರ ತಲೆ ಓಡಿತು ನೋಡಿ! ಮರಿಸಿದ್ದಯ್ಯ ಮೈದಾನದ ಗೋಡೆಯ ಹಿಂದೆ ನಿಂತು ಕೂಗುವುದು. ಪಟೇಲರ ಮಗ ಮುಂದೆ ನಿಂತು ಬಾಯಿ ಆಡಿಸುವುದು. ನಾನು ಗೋಡೆಯ ತುದಿಯಲ್ಲಿ ನಿಂತು, ಯಾವಾಗ ಕೂಗಬೇಕೆಂದು ಕರವಸ್ತ್ರ ಬೀಸುವುದು. ಹೀಗೇ ಅಭ್ಯಾಸ ನಡೆಯಿತು. ಹುಡುಗರು ಆ ಒಂದು ದನಿಗೇ ಪಳಗಿಹೋದರು.

ಮೇಜರು ಬಂದರು. ಗೋಡೆಯಾಚೆಯಿಂದ ಕಮಾಂಡು ಗುಡುಗಿತು, ಪಡೆ ನಡೆಯಿತು, ಮೇಜರು ತಲೆದೂಗಿದರು. ಸಾಲು ಗೇಟಿನ ಹತ್ತಿರ ಬಂತು. ಹಾಲ್ಟ್ ಅನ್ನಿಸಲು ನಾನು ಕರವಸ್ತ್ರ ಬೀಸಿದೆ. ಮರಿಸಿದ್ದಯ್ಯ ನನ್ನನ್ನೇ ನೋಡುತ್ತ ಬಾಯಿ ಮುಚ್ಚಿ ನಿಂತ. ನಾನು ಇನ್ನೊಂದು ಸಲ ಬೀಸಲಿಲ್ಲ. ಕರವಸ್ತ್ರ ಮಡಿಸಿ ಜೇಬಿಗಿಟ್ಟೆ.

ಪಟೇಲರ ಮಗ ತಾನೇ "ಹಾಲ್ಟ್" ಎಂದು ಕೀಚಿದ. ಯಾರು ಕೇಳುತ್ತಾರೆ? ಪಡೆ ಗೇಟು ದಾಟಿತು, ಎದುರಿನ ಕೆರೆಯ ಏರಿ ಹತ್ತಿ ಇಳಿಯಿತು, ಮುಂದಿನ ಸಾಲು ನೀರಿಗೇ ಕಾಲಿಟ್ಟಿತು. ಹೆಡ್ಮಾಸ್ಟರು ಪಂಚೆ ಎತ್ತಿಕೊಂಡು ಗೋಡೆಯ ಹತ್ತಿರ ಓಡಿಬಂದರು.

"ಲೇ, ಹಾಲ್ಟ್ ಅನ್ನೋ!"

"ಗ್ವಾಡೆ ಇಂದ್ಗಡೆಯಿಂದ ಏನೂ ಕಾಣಕಿಲ್ಲ ಸಾ. ಮುಂದಕ್ ಬರ್ಲಾ?"

"ಬಾರಪ್ಪಾ, ಮರಿಸಿದ್ದಯ್ಯಾ! ನಿನ್ ದಮ್ಮಯ್ಯ, ಬೇಗ ಬಾ!"

ಅವರು ಅವನ ಪೂರ್ತಿ ಹೆಸರು ಹೇಳಿದ್ದು ಅದೇ ಮೊದಲು. ಮರಿಸಿದ್ದಯ್ಯ ಓಡಿಹೋಗಿ ಏರಿಯ ಮೇಲೆ ನಿಂತು ಒಂದೇ ಸಲ "ಹಾಲ್ಟ್" ಅಂದ. ಮೊಣಕಾಲುದ್ದ ನೀರಿನಲ್ಲಿ ಪಡೆ ನಿಂತಿತು. ತಿರುಗಿಸಿ ತಂದು ಮೇಜರ ಮುಂದೆ ನಿಲ್ಲಿಸಿದ. ಆಮೇಲೆ ಬಲಗಡೆಯಿಂದ ಶುರುಮಾಡಿ ಒಬ್ಬೊಬ್ಬರ ಟೋಪಿ ನೆಟ್ಟಗೆ ಮಾಡುತ್ತ ಬಂದ, ಕೊನೆಗೆ ಪಟೇಲರ ಮಗನ ಕಾಲರನ್ನೂ ಸರಿಮಾಡಿದ. ಮೇಜರ ಪಕ್ಕದಲ್ಲಿದ್ದ ಪಟೇಲರ ಮುಖ ಕಪ್ಪಿಟ್ಟಿತು. ಮೇಜರು ಎದುರಿಗಿದ್ದರಲ್ಲ, ಹಲ್ಲು ಕಚ್ಚಿ ನಗು ತಂದುಕೊಂಡರು.

"ಇಲ್ಲಿ ಲೀಡರ್ ಯಾರು?" ಎಂದರು ಮೇಜರು.

"ಇವನೇ ಸಾರ್, ನಮ್ಮ ಮರಿಸಿದ್ದಯ್ಯ. ಮೊದಲಿನಿಂದಲೂ ಇವನೇ," ಅಂದರು ಹೆಡ್ಮಾಸ್ಟರು. ಥೂ, ನಾಲಿಗೆ ತಡವರಿಸಲೂ ಇಲ್ಲ!

ಅವನು ಬೆಂಗಳೂರಿಗೆ ಹೊರಟ ದಿನ ಶಾಲೆಯೆಲ್ಲ ಬಸ್ ನಿಲ್ದಾಣದಲ್ಲಿತ್ತು. ಮಾಯಮ್ಮ ಮಗನ ಗಂಟು ಹಿಡಿದು ನಿಂತಿದ್ದಳು. ನಮ್ಮ ಶಾಲೆಯಲ್ಲಿ ಭೇದಭಾವವೇ ಇಲ್ಲ ಎಂದು ಹೆಡ್ಮಾಸ್ಟರು ಭಾಷಣ ಬಿಗಿದರು. ಆಮೇಲೆ ಹೂವಿನ ಹಾರ ಹಿಡಿದು, ಕೈ ಎಲ್ಲಿ ತಾಕೀತೋ ಎಂದು ದೂರದಲ್ಲೇ ನಿಂತು, ಅವನ ಕೊರಳಿಗೆ ಗುರಿಯಿಟ್ಟು ಎಸೆದರು.

ಮರಿಸಿದ್ದಯ್ಯ ನಾನು ಕಲಿಸಿದ ಹಾಗೇ ಒಂದು ಹೆಜ್ಜೆ ಹಿಂದಕ್ಕಿಟ್ಟು ಅಟೆನ್ಷನ್ನಿನಲ್ಲಿ ನಿಂತ. ಹಾರ ಧೂಳಿಗೆ ಬಿತ್ತು.

"ಎತ್ತಿ ಆಕಿ ಸಾ," ಅಂದ. "ನನ್ ಕತ್ತು ಇಲ್ಲೇ ಐತೆ."

ಬಸ್ಸು ಹೊರಟುಹೋದ ಮೇಲೂ ಹಾರ ಅಲ್ಲೇ ಬಿದ್ದಿತ್ತು.