ಬಲಗೈಯಲ್ಲೇ ಕೊಡಬೇಕು

ಅಂಗೈ ಬಂತು, ತೀರ್ಥಕ್ಕೆ ಹಿಡಿದ ಹಾಗೆ ಕುಳಿಮಾಡಿದ ಮುದಿ ಅಂಗೈ, ಮೂಗಿಗೆ ತಾಗುವಷ್ಟು ಹತ್ತಿರ, ಆದರೆ ಮುರಾರಿಯ ಮೂಗು ಇರುವುದು ಕೋಪರಖೈರಣೆಯ ಆಫೀಸಿನಲ್ಲಿ, ಅಂಗೈ ಕಲ್ಯಾಣದ ಯಾವುದೋ ಆಸ್ಪತ್ರೆಯ ಟಿಬಿ ವಾರ್ಡಿನಲ್ಲಿ — ಕಣ್ಣಿಗೆ ಕಟ್ಟಿದ ಹಾಗೆ ಅಂತಾರಲ್ಲ, ಇದು ಬೆಲ್ಟು ಬಿಗಿದು ನಿಜಕ್ಕೂ ಕಣ್ಣಿಗೆ ಕಟ್ಟಿದ್ದೇ, ಒಳಗೆ ಪರದೆಯಿರುವ ಮುಖವಾಡ, ಅರ್ಧ ಕಿಲೋ ಭಾರ, ಒಳಗೆಲ್ಲ ಬೆವರು, ಇವನು ತಲೆ ತಿರುಗಿಸಿದರೆ ಅಲ್ಲಿ ರೋಬೋಟು ತಲೆ ತಿರುಗಿಸುತ್ತದೆ, ಎರಡು ಕೈಯೊಳಗಿನ ಎರಡು ಹಿಡಿ ಅದುಮಿದರೆ ಅದು ಹಿಡಿಯುತ್ತದೆ, ಬಿಟ್ಟರೆ ಬಿಡುತ್ತದೆ, ಅಷ್ಟೇ ವಿದ್ಯೆ, ಠಾಕುರ್ಲಿಯ ಅಪ್ಪನ ಹೋಟೆಲಿನಲ್ಲಿ ಇಪ್ಪತ್ತೆರಡು ವರ್ಷ ಒಂದೇ ಕೈಯಲ್ಲಿ ಐದು ಪ್ಲೇಟು ದೋಸೆ ಹೊತ್ತವನಿಗೆ ಇದೇನು ಮಹಾ, ಹೋಟೆಲಿನ ಬಿಲ್ಡಿಂಗು ಕೆಡವಿ ಕಟ್ಟುವ ರಿಡೆವಲಪ್‌ಮೆಂಟಿಗೆ ಹೋಗದಿದ್ದರೆ ಈ ಮುಖವಾಡ ಯಾರಿಗೆ ಬೇಕಿತ್ತು, ಇವತ್ತು ಟ್ರಯಲ್, ಹತ್ತು ಮಂಚಕ್ಕೆ ಹತ್ತು ಲೋಟ ಗುಳಿಗೆ, ಒಂದು ಬಿದ್ದರೂ ಕೆಲಸವಿಲ್ಲ, ಒಂಬತ್ತು ಆಯಿತು, ಇದು ಕೊನೆಯದು, ರತ್ನಾವತಿ, ಎರಡೂ ಕಣ್ಣಿಗೆ ಪೊರೆ, ಸ್ಪೀಕರಿನಲ್ಲಿ ಇವನ ಕನ್ನಡ ಕೇಳಿದ್ದೇ ಅಯ್ಯೋ ನಮ್ಮೂರಿನ ರೋಬೋಟಾ ನೀನು, ಯಾರ ಮನೆಯವ ಮಗಾ ಅಂದಳು, ಅಪ್ಪ ಜಪಾನು, ಅಮ್ಮ ಕಾಪು ಅಂದ, ಕೆಮ್ಮುತ್ತಲೇ ನಕ್ಕಳು, ಅಷ್ಟರಲ್ಲಿ ರೋಬೋಟಿನ ಬಲಗೈ ಕೈಕೊಟ್ಟಿತು.

ಲೋಟ ಎಡಗೈಯಲ್ಲಿ. ಒಂಬತ್ತು ಸಲವೂ ಎಡದಿಂದ ಬಲಕ್ಕೆ ದಾಟಿಸಿಯೇ ಕೊಟ್ಟಿದ್ದ, ಟೈಮ್ ಜಾ ರಹಾ ಹೈ ಅಂಕಲ್ ಅಂತ ಅವಸರಿಸಿದ್ದಳು ಸುಮೇಧಾ, ಕೆಲಸ ಕಲಿಸುವ ಹುಡುಗಿ, ಕಾರ್ಕಳದವರ ಮಗಳಾದರೂ ಡೊಂಬಿವಲಿಯಲ್ಲಿ ಹುಟ್ಟಿದವಳು, ಕನ್ನಡ ಕಿವಿಗೆ ಮಾತ್ರ, ಬಾಯಿಗೆ ಹಿಂದಿ — ಈಗಲೂ ಬೆನ್ನ ಹಿಂದೆ ಅವಳೇ, ಅಂಕಲ್ ರೈಟ್ ಗಯಾ, ಲೆಫ್ಟ್ ಸೇ ದೇ ದೋ ನಾ, ಎಡಗೈಯಲ್ಲೇ ಕೊಟ್ಟುಬಿಡಬೇಕಂತೆ, ಎಡಗೈ ಮುಂದೆ ಹೋಗುತ್ತದೆ, ನಿಲ್ಲುತ್ತದೆ, ಸತ್ತು ಆರು ವರ್ಷವಾದ ಅಪ್ಪ ಗಲ್ಲಾದಿಂದ ಮೂಗಿನಲ್ಲೇ ಗದರುತ್ತಾನೆ, ಎಂಥದಾ ಮಾರಾಯ, ಎಡಗೈಲಿ ಕೊಡುದು ನಾಯಿಗಾ — ಈ ದನಿ ತೆಗೆದು ಎಷ್ಟು ಸಲ ಸಪ್ಲಾಯರುಗಳನ್ನು ನಗಿಸಿಲ್ಲ, ಈಗ ಅದು ತಾನಾಗಿ ಬಂದು ಕೂತಿದೆ, ನಗು ಬರುವುದಿಲ್ಲ, ಕೊಡು ಮಗಾ ಕೈ ಸೋಲ್ತದೆ ಅನ್ನುತ್ತಾಳೆ ರತ್ನಾವತಿ, ಇಗೊಳ್ಳಿ ಅಮ್ಮಾ —

ಎಡಗೈಯ ಹಿಡಿ ಯಾವಾಗ ಬಿಟ್ಟನೋ. ಆಫೀಸಿನ ಎಸಿ ಗಾಳಿಯಲ್ಲಿ ಅವನದೇ ಬಲಗೈ ಚಾಚಿದೆ, ಖಾಲಿ, ಹಿರಿಯರಿಗೆ ಕೊಡುವ ಕ್ರಮದಲ್ಲಿ ಎಡಗೈ ಮೊಣಕೈಗೆ ತಾಗಿಸಿ, ಎರಡೂ ಹಿಡಿ ಮಣಿಕಟ್ಟಿನ ಪಟ್ಟಿಯಲ್ಲಿ ನೇತಾಡುತ್ತಿವೆ, ಅಲ್ಲಿ ರೋಬೋಟಿನ ಬೆರಳು ಬಿಚ್ಚಿ ಲೋಟ ಬಿತ್ತು, ನಾಲ್ಕು ಗುಳಿಗೆ ಮಂಚದಡಿಗೆ ಉರುಳಿದವು, ಅಂಕಲ್, ಅಂದಳು ಸುಮೇಧಾ, ಅಷ್ಟೇ, ಆಮೇಲೆ ಕೀಬೋರ್ಡಿನ ಒಂದು ಟಿಕ್, ನರ್ಸು ಬೇರೆ ಗುಳಿಗೆ ತರುತ್ತಾಳೆ, ಮುದುಕಿಗೆ ಏನೂ ಆಗದು, ಸಂಜೆ ಹೆಂಡತಿಗೆ ಇವನು ಹೇಳುವುದೇನು, ಯಾರ ದನಿಯಲ್ಲಿ, ಮುಖವಾಡ ತೆಗೆಯಬೇಕು, ಕೈ ಏಳುವುದಿಲ್ಲ, ಲೋಟ ಬಿದ್ದದ್ದು ಪೊರೆಗಣ್ಣಿಗೆ ಕಂಡಿಲ್ಲ, ಕೊಟ್ಟೆಯಾ ಮಗಾ — ಮೂಗಿನ ಹತ್ತಿರ ಇನ್ನೂ ಆ ಅಂಗೈ, ತೀರ್ಥಕ್ಕೆ ಹಿಡಿದ ಹಾಗೆ, ಕುಳಿಯೊಳಗೆ ಏನೂ ಇಲ್ಲ, ಅಂಗೈ